ಪಿತ್ತಕೋಶದ ರೋಗಿ ಮತ್ತು ಶುಶ್ರೂಷೆಯ ಚರಿತ್ರೆ

ರೋಗಿಯ ಆರೈಕೆಗೆ ಕನ್ನಡದಲ್ಲಿ ರೂಢವಾಗಿರುವ ‘ಶುಶ್ರೂಷೆ’ ಎಂಬ ಶಬ್ದವು ಸಂಸ್ಕೃತದ ‘ಶ್ರು’ ಧಾತುವಿನಿಂದ ಹುಟ್ಟಿದ ಇಚ್ಛಾರ್ಥಕ ರೂಪವಾಗಿದೆ. ಕೇಳಬೇಕೆಂಬ ಬಯಕೆಯೆಂಬುದು ಅದರ ಮೂಲಾರ್ಥ. ಗುರುವಿನ ಮಾತನ್ನು ಕೇಳಬಯಸಿ ಬಳಿಯಲ್ಲಿರುವವನು ಮಾಡುವ ಸೇವೆಯೆಂಬ ಅರ್ಥವೂ, ರೋಗಿಯ ಉಪಚಾರವೆಂಬ ಅರ್ಥವೂ ಅದಕ್ಕೆ ಕೂಡಿಬಂದುವು. ‘ಪರಿಚರ್ಯೆ’ ಎಂಬುದಾದರೋ ಸುತ್ತ ಸುಳಿದಾಡುವುದನ್ನು ಸೂಚಿಸುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ವೈದ್ಯ, ಔಷಧದ್ರವ್ಯ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದೆ. ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕೆಂದೂ ವಿಧಿಸಿದೆ. ಹೀಗಿದ್ದರೂ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಮೊದಲನೆಯ ಪಾದಕ್ಕೆ ದೊರೆತಿರುವಷ್ಟು ಸ್ಥಾನವು ಮೂರನೆಯದಕ್ಕೆ ದೊರೆತಿಲ್ಲ. ಪಿತ್ತಕೋಶದ ರೋಗಗಳ ಚಿಕಿತ್ಸೆಯು ಕಳೆದ ನೂರೈವತ್ತು ವರ್ಷಗಳಲ್ಲಿ ನಡೆದುಬಂದ ಬಗೆಯನ್ನು ಪರಿಶೀಲಿಸಿದರೆ ಈ ಲೋಪವು ಎಷ್ಟು ದೊಡ್ಡದೆಂಬುದು ಸ್ಪಷ್ಟವಾಗುತ್ತದೆ.

ಪಿತ್ತಕೋಶವು ಯಕೃತ್ತಿನ ಕೆಳಗೆ ಅಂಟಿಕೊಂಡಿರುವ ಒಂದು ಸಣ್ಣ ಚೀಲ. ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಇದರಲ್ಲಿ ಸೇರಿ, ಮಂದವಾಗಿ, ಜಿಡ್ಡಿನ ಆಹಾರವು ಕರುಳಿಗೆ ಇಳಿದಾಗ ಹೊರಬೀಳುತ್ತದೆ. ಈ ಚೀಲದಲ್ಲಿ ಕಲ್ಲುಗಳು ಬೆಳೆದು ದಾರಿಯನ್ನು ಅಡ್ಡಗಟ್ಟಿದರೆ ಬಲಪಕ್ಕೆಯ ಕೆಳಗೆ ತೀವ್ರವಾದ ಶೂಲೆಯುಂಟಾಗುತ್ತದೆ. ಅದು ಬೆನ್ನಿಗೂ ಬಲಭುಜಕ್ಕೂ ಹರಡುವುದುಂಟು. ಕಲ್ಲು ಮುಖ್ಯನಾಳಕ್ಕೆ ಜಾರಿ ನಿಂತರೆ ಕಾಮಾಲೆ ತಲೆದೋರುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಈ ರೋಗಿಗೆ ನೋವನ್ನು ಅಡಗಿಸುವ ಅಫೀಮು ಅಥವಾ ಮಾರ್ಫಿಯ, ಹೊಟ್ಟೆಯ ಮೇಲೆ ಬಿಸಿಯ ಕಾವು, ಪಥ್ಯ ಇವಿಷ್ಟೇ ಗತಿಯಾಗಿದ್ದುವು. ಎಂದರೆ ಅಂದಿನ ಚಿಕಿತ್ಸೆಯ ಬಹುಭಾಗವು ಪರಿಚರ್ಯೆಯೇ ಆಗಿದ್ದಿತು.

೧೮೬೭ರಲ್ಲಿ ಅಮೇರಿಕದ ಇಂಡಿಯಾನಾಪೊಲಿಸ್ ಪಟ್ಟಣದಲ್ಲಿ ಜಾನ್ ಸ್ಟಫ್ ಬಾಬ್ಸ್ ಎಂಬ ವೈದ್ಯನು ಉದರದ ಗಡ್ಡೆಯೆಂದು ಭಾವಿಸಿ ಶಸ್ತ್ರಪ್ರಯೋಗ ಮಾಡಿದಾಗ ಅದು ಕಲ್ಲುಗಳಿಂದ ತುಂಬಿದ ಪಿತ್ತಕೋಶವೆಂದು ಕಂಡುಬಂದಿತು. ಅವನು ಕಲ್ಲುಗಳನ್ನು ತೆಗೆದು ಚೀಲವನ್ನು ಹೊಲಿದು ಹಾಗೆಯೇ ಬಿಟ್ಟನು, ರೋಗಿಯು ಬದುಕಿಕೊಂಡಳು. ಚೀಲವನ್ನೇ ತೆಗೆದುಹಾಕಿದವನು ಬರ್ಲಿನ್ ನಗರದ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬೂಖ್. ಕಲ್ಲುಗಳು ಹುಟ್ಟುವುದೇ ಪಿತ್ತಕೋಶದಲ್ಲಾದುದರಿಂದ ಅದನ್ನು ಉಳಿಸಿ ಕಲ್ಲನ್ನು ಮಾತ್ರ ತೆಗೆದರೆ ಪ್ರಯೋಜನವಿಲ್ಲವೆಂಬುದು ಅವನ ವಾದ; ಆನೆಗೂ ಕುದುರೆಗೂ ಪಿತ್ತಕೋಶವೇ ಇಲ್ಲವೆಂಬುದನ್ನು ಅವನು ಸಮರ್ಥನೆಗೆ ತೋರಿಸಿದನು. ೧೮೮೨ರ ಜುಲೈ ೧೫ರಂದು ನಾಲ್ವತ್ತಮೂರು ವರ್ಷದ ರೋಗಿಯೊಬ್ಬನ ಮೇಲೆ ಈ ಶಸ್ತ್ರಕ್ರಿಯೆ ನಡೆಯಿತು.

ಚರಿತ್ರೆಯ ಪುಸ್ತಕಗಳಲ್ಲಿ ಈ ದಿನಾಂಕವು ತಪ್ಪದೆ ಬರುತ್ತದೆ. ಆದರೆ ಅದರ ಹಿಂದುಮುಂದಿನ ದಿನಗಳೂ ಗಮನಾರ್ಹವಾಗಿವೆ. ರೋಗಿಯನ್ನು ಐದು ದಿನ ಮುಂಚಿತವಾಗಿ ಆಸ್ಪತ್ರೆಯಲ್ಲಿರಿಸಿಕೊಂಡು ಬಸ್ತಿಪ್ರಯೋಗದಿಂದ ಕರುಳನ್ನು ಶುದ್ಧಿಗೊಳಿಸಿ ಅಣಿಮಾಡಲಾಗಿದ್ದಿತು. ಮರುದಿನ ಅವನಿಗೆ ಜ್ವರವಿರಲಿಲ್ಲ. ಚುಟ್ಟಾ ಸೇದುವಷ್ಟು ಸ್ವಸ್ಥನಾಗಿದ್ದನೆಂದು ವರದಿಯಿದೆ. ಹನ್ನೆರಡನೆಯ ದಿನ ಎದ್ದು ನಡೆದನು. ಮನೆಗೆ ಮರಳಿದ್ದು ಹಲವು ವಾರಗಳ ಬಳಿಕ. ಈ ವಾರಗಳ ಭಾರವನ್ನು ಹೊತ್ತವರು ಯಾರೆಂಬುದಕ್ಕೆ ಆ ಸಂಸ್ಥೆಯ ಸ್ವರೂಪವೇ ಉತ್ತರ ಕೊಡುತ್ತದೆ. ಅದು ‘ಡಯಕೊನಿಸ್’ ಎಂಬ ಕ್ರೈಸ್ತ ಸೇವಾವ್ರತಿನಿಯರ ನಿಲಯದೊಡನೆ ಕೂಡಿದ ಆಸ್ಪತ್ರೆ. ಈ ವ್ರತಿನಿಯರ ಪದ್ಧತಿಯನ್ನು ೧೮೩೬ರಲ್ಲಿ ಕೈಸರ್ಸ್‌ವೆರ್ಟ್ ಎಂಬ ಊರಿನಲ್ಲಿ ತಿಯೊಡೋರ್ ಫ್ಲೀಡ್ನರ್ ಎಂಬ ಪಾದ್ರಿಯು ಪುನರುಜ್ಜೀವನಗೊಳಿಸಿದ್ದನು. ಫ್ಲಾರೆನ್ಸ್ ನೈಟಿಂಗೇಲಳು ೧೮೫೧ರಲ್ಲಿ ಅಲ್ಲಿಯೇ ಶಿಕ್ಷಣ ಪಡೆದಳು. ಶಸ್ತ್ರವೈದ್ಯನ ಹೆಸರು ಉಳಿದಿದೆ. ಆ ಹನ್ನೆರಡು ದಿನಗಳನ್ನು ಕಾದ ವ್ರತಿನಿಯರ ಹೆಸರುಗಳಿಗೆ ಗ್ರಂಥಗಳಲ್ಲಿ ಎಡೆಯಿಲ್ಲ.

ಪಿತ್ತಕೋಶದ ರೋಗದಲ್ಲಿ ಕಾಯುವವರ ಕಣ್ಣಿಗೆ ವಿಶೇಷವಾದ ಬೆಲೆಯುಂಟು. ಚಳಿಯೊಡನೆ ಬಂದುಹೋಗುವ ಜ್ವರ, ಬಲಪಕ್ಕೆಯ ನೋವು, ಕಾಮಾಲೆ ಈ ಮೂರು ಒಟ್ಟಾಗಿ ಕಂಡರೆ ಪಿತ್ತನಾಳದಲ್ಲಿ ಸೋಂಕು ತಗುಲಿದೆಯೆಂದು ತಿಳಿಯಬೇಕೆಂಬ ಲಕ್ಷಣತ್ರಯವು ಫ್ರಾನ್ಸಿನ ಶಾರ್ಕೋ ೧೮೭೭ರಲ್ಲಿ ಮಾಡಿದ ವರ್ಣನೆಯಿಂದ ಬಂದುದು. ವೈದ್ಯನು ಬಂದು ನೋಡುವ ಗಳಿಗೆಯಲ್ಲಿ ಇವೆಲ್ಲವೂ ಇರಬೇಕೆಂದಿಲ್ಲ. ನಡುರಾತ್ರಿಯಲ್ಲಿ ಬಂದ ನಡುಕ, ಹೊತ್ತುಹೊತ್ತಿಗೆ ಏರಿಳಿದ ಜ್ವರ, ಮೂತ್ರವು ಕಪ್ಪೇರಿದುದು, ಮಲವು ಬಿಳಿಚಿಕೊಂಡುದು, ಕಣ್ಣಿನ ಬಿಳಿಯಲ್ಲಿ ಮೂಡಿದ ಹಳದಿ, ಚರ್ಮದ ತುರಿಕೆ ಇವನ್ನು ಮೊದಲು ಅರಿಯುವವಳು ದಾದಿಯೇ. ೧೮೬೦ರ ಹೊತ್ತಿಗೆ ಪ್ರಕಟವಾಗಿದ್ದ ನೈಟಿಂಗೇಲಳ ಶುಶ್ರೂಷಾಗ್ರಂಥದಲ್ಲಿ ರೋಗಿಯ ಅವಲೋಕನಕ್ಕೆ ಒಂದು ಪ್ರಕರಣವೇ ಮೀಸಲಾಗಿರುವುದು ಈ ಕಾರಣದಿಂದಲೇ.

ಶಸ್ತ್ರಕ್ರಿಯೆಯು ಪ್ರಚಾರಕ್ಕೆ ಬಂದಮೇಲೆ ದಾದಿಯ ಕೆಲಸ ಕಡಮೆಯಾಗಲಿಲ್ಲ, ಹೆಚ್ಚಿತು. ಕಾಮಾಲೆಯಿದ್ದ ರೋಗಿಗಳಿಗೆ ಶಸ್ತ್ರಕ್ರಿಯೆಯಾದ ಮೇಲೆ ರಕ್ತವು ಹೆಪ್ಪುಗಟ್ಟದೆ ಒಸರುತ್ತಿದ್ದುದು ಬಹುಕಾಲದ ಭಯವಾಗಿದ್ದಿತು. ಕೋಳಿಮರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಡೆನ್ಮಾರ್ಕಿನ ಹೆನ್ರಿಕ್ ಡಾಮ್ ಎಂಬ ವಿಜ್ಞಾನಿಯು ರಕ್ತ ಹೆಪ್ಪುಗಟ್ಟಲು ಬೇಕಾದ ಒಂದು ಜೀವಸತ್ತ್ವವನ್ನು ಗುರುತಿಸಿ ೧೯೩೫ರಲ್ಲಿ ಅದಕ್ಕೆ ‘ಕೆ’ ಎಂದು ಹೆಸರಿಟ್ಟನು. ಅದು ಕೊಬ್ಬಿನಲ್ಲಿ ಕರಗತಕ್ಕದ್ದು; ಪಿತ್ತವು ಕರುಳಿಗೆ ಬಾರದಿದ್ದರೆ ದೇಹಕ್ಕೆ ಸೇರದು. ೧೯೩೮ರಲ್ಲಿ ಅದನ್ನು ಪಿತ್ತಲವಣಗಳೊಡನೆ ರೋಗಿಗಳಿಗೆ ಕೊಡುವ ಕ್ರಮವು ಮೊದಲಾಯಿತು. ೧೯೪೩ನೆಯ ಇಸವಿಯ ನೊಬೆಲ್ ಪಾರಿತೋಷಕವು ಡಾಮನಿಗೂ ಅಮೇರಿಕದ ಡೋಯಿಸಿಗೂ ಸಂದಿತು. ಆ ಮೊದಲು ವಸಡಿನ ಒಸರನ್ನೂ ಗಾಯದ ಪಟ್ಟಿಯ ಕಲೆಯನ್ನೂ ಎಚ್ಚರದಿಂದ ನೋಡುತ್ತಿರುವುದೇ ಮುಖ್ಯ ರಕ್ಷಣೆಯಾಗಿದ್ದಿತು. ಪಿತ್ತನಾಳದಲ್ಲಿ ರಬ್ಬರಿನ ಕೊಳವೆಯನ್ನಿಟ್ಟು ಪಿತ್ತವನ್ನು ಹೊರಕ್ಕೆ ಹರಿಸುವ ಪದ್ಧತಿ ಬಂದಮೇಲೆ ದಿನದಿನವೂ ಪಿತ್ತವನ್ನು ಅಳೆದು, ಬಣ್ಣವನ್ನು ಗುರುತಿಸಿ, ಕೊಳವೆ ಸೆಳೆಯದಂತೆಯೂ ಮಡಿಸದಂತೆಯೂ ಕಾಯ್ದು, ಸುತ್ತಲಿನ ಚರ್ಮವು ಸವೆಯದಂತೆ ನೋಡಿಕೊಳ್ಳಬೇಕಾಯಿತು.

ಅತ್ಯಂತ ದೊಡ್ಡ ಮಾರ್ಪಾಟು ಹಾಸಿಗೆಯ ವಿಷಯದಲ್ಲಿ ಆಯಿತು. ಹೊಲಿಗೆ ಬಿಚ್ಚೀತೆಂಬ ಭಯದಿಂದ ರೋಗಿಯನ್ನು ಎರಡು ಮೂರು ವಾರ ಅಲುಗದಂತೆ ಮಲಗಿಸುವುದು ಹಿಂದಿನ ನಿಯಮವಾಗಿದ್ದಿತು. ಪಕ್ಕೆಲುಬಿನ ಕೆಳಗೆ ಕೊಯ್ದ ಗಾಯವಾದುದರಿಂದ ಉಸಿರೆಳೆದರೆ ನೋವು. ನೋವಿಗೆ ಅಂಜಿ ಮೇಲುಸಿರು ಬಿಡುತ್ತ ಮಲಗಿದರೆ ಶ್ವಾಸಕೋಶದ ತಳದಲ್ಲಿ ಕಫ ನಿಂತು ಜ್ವರ ಬರುತ್ತದೆ. ಅಲುಗದ ಕಾಲುಗಳ ಸಿರೆಗಳಲ್ಲಿ ರಕ್ತವು ಹೆಪ್ಪುಗಟ್ಟುತ್ತದೆ. ೧೮೯೯ರಲ್ಲಿಯೇ ಷಿಕಾಗೋ ನಗರದ ಎಮಿಲ್ ರೀಸ್ ಎಂಬಾತನು ಉದರದ ಶಸ್ತ್ರಕ್ರಿಯೆಯಾದವರನ್ನು ಬೇಗನೆ ಎಬ್ಬಿಸಬೇಕೆಂದು ವಾದಿಸಿದ್ದರೂ ಆ ಮಾತು ಹಿಡಿಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆಗಳೂ ದಾದಿಯರೂ ಸಾಲದೆ ಬಂದಾಗ ರೋಗಿಗಳನ್ನು ಬೇಗ ಎಬ್ಬಿಸುವುದು ಅನಿವಾರ್ಯವಾಯಿತು. ಅವರು ಕೆಡುವುದಕ್ಕೆ ಬದಲಾಗಿ ಬೇಗನೆ ಗುಣಹೊಂದಿದರು. ೧೯೪೪ರಲ್ಲಿ ವಿಲಿಯಂ ಡಾಕ್ ಎಂಬಾತನೂ ೧೯೪೭ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಷರ್ ಎಂಬಾತನೂ ಹಾಸಿಗೆವಾಸದ ಕೇಡುಗಳನ್ನು ಕುರಿತು ಬರೆದ ಲೇಖನಗಳು ಈ ಹೊಸ ನಿಲುವನ್ನು ದೃಢಪಡಿಸಿದುವು. ನಡೆಯಬೇಕೆಂದು ಬರೆದವನು ವೈದ್ಯ. ದಿಂಬನ್ನು ಗಾಯಕ್ಕೆ ಒತ್ತಿಹಿಡಿದು ಕೆಮ್ಮಿಸಿದವಳೂ, ಅಂಜುವ ರೋಗಿಯನ್ನು ಮೊದಲ ನಾಲ್ಕು ಹೆಜ್ಜೆ ನಡೆಯಿಸಿದವಳೂ ದಾದಿ. ರೋಗಿಯ ಸುತ್ತ ನಡೆಯುತ್ತಿದ್ದ ಪರಿಚರ್ಯೆಯು ರೋಗಿಯನ್ನೇ ನಡೆಯಿಸುವ ಕಾರ್ಯವಾಯಿತು.

ಈ ಮೌನದ ಕೆಲಸಕ್ಕೆ ಲಿಖಿತ ಸಾಕ್ಷ್ಯವೂ ಉಂಟು. ೧೯೮೪ರಲ್ಲಿ ರೋಜರ್ ಉಲ್ರಿಚ್ ಎಂಬ ಅಮೇರಿಕದ ವಿದ್ವಾಂಸನು ಪೆನ್ಸಿಲ್ವೇನಿಯ ಪ್ರಾಂತದ ಒಂದು ಆಸ್ಪತ್ರೆಯ ಕಡತಗಳನ್ನು ಶೋಧಿಸಿ ಒಂದು ಲೇಖನವನ್ನು ಪ್ರಕಟಿಸಿದನು. ೧೯೭೨ರಿಂದ ೧೯೮೧ರವರೆಗೆ ಪಿತ್ತಕೋಶವನ್ನು ತೆಗೆಯಿಸಿಕೊಂಡವರಲ್ಲಿ ೪೬ ಮಂದಿಯನ್ನು ವಯಸ್ಸು, ಲಿಂಗ ಮುಂತಾದುವು ಹೊಂದುವಂತೆ ೨೩ ಜೋಡಿಗಳಾಗಿ ಆರಿಸಿದ್ದನು. ಜೋಡಿಯಲ್ಲೊಬ್ಬರ ಕಿಟಕಿ ಮರಗಳ ಕಡೆಗೆ, ಇನ್ನೊಬ್ಬರದು ಇಟ್ಟಿಗೆಯ ಗೋಡೆಯ ಕಡೆಗೆ. ಮರಗಳನ್ನು ಕಂಡವರು ಸರಾಸರಿ ೭.೯೬ ದಿನಗಳಲ್ಲಿಯೂ ಗೋಡೆಯನ್ನು ಕಂಡವರು ೮.೭೦ ದಿನಗಳಲ್ಲಿಯೂ ಮನೆಗೆ ಹೋದರು. ಮೊದಲನೆಯವರು ತೀವ್ರವಾದ ನೋವುನಿವಾರಕಗಳನ್ನು ಕಡಮೆಯಾಗಿ ತೆಗೆದುಕೊಂಡಿದ್ದರು. ರೋಗಿಯ ಅಳಲು, ಕಳವಳಗಳನ್ನು ಕುರಿತು ದಾದಿಯರು ಬರೆದಿಟ್ಟ ಟಿಪ್ಪಣಿಗಳು ಒಂದು ವರ್ಗದಲ್ಲಿ ತಲೆಗೆ ೧.೧೩, ಇನ್ನೊಂದರಲ್ಲಿ ೩.೯೬. ರೋಗಿಗಳ ಸಂಖ್ಯೆ ಚಿಕ್ಕದಾದುದರಿಂದ ಇದರಿಂದ ಅತಿಯಾದ ಸಿದ್ಧಾಂತಗಳನ್ನು ಕಟ್ಟಲಾಗದು. ಆದರೆ ಕಿಟಕಿಯಾಚೆಯ ನೋಟವು ರೋಗಿಗೆ ಹಿತವೆಂದು ನೈಟಿಂಗೇಲಳು ಹಿಂದೆಯೇ ಬರೆದಿದ್ದಳು. ಆ ಮಾತನ್ನು ಪರೀಕ್ಷಿಸಲು ಆಧಾರವಾದುದು ಹೆಸರಿಲ್ಲದ ದಾದಿಯರ ದಿನಚರಿಯ ಸಾಲುಗಳು. ಅವರು ರೋಗಿಯ ಮಾತನ್ನು ಕೇಳಿ ಬರೆದಿಡದಿದ್ದರೆ ಈ ಶೋಧವು ಇಷ್ಟು ಪೂರ್ಣವಾಗುತ್ತಿರಲಿಲ್ಲ.

ಅನಂತರದ ಬೆಳವಣಿಗೆ ಬೇಗನೆ ನಡೆಯಿತು. ಜರ್ಮನಿಯ ಬ್ಯೋಬ್ಲಿಂಗೆನ್ ಊರಿನಲ್ಲಿ ಎರಿಕ್ ಮ್ಯೂಹೆ ೧೯೮೫ರಲ್ಲಿಯೂ, ಫ್ರಾನ್ಸಿನ ಲಿಯೋನ್ ನಗರದಲ್ಲಿ ಫಿಲಿಪ್ ಮೂರೆ ೧೯೮೭ರಲ್ಲಿಯೂ ಸಣ್ಣ ರಂಧ್ರಗಳ ಮೂಲಕ ದರ್ಶಕಯಂತ್ರವನ್ನು ಇಳಿಸಿ ಪಿತ್ತಕೋಶವನ್ನು ತೆಗೆದರು. ಇಂದು ಅನೇಕ ರೋಗಿಗಳು ಅದೇ ದಿನ ಅಥವಾ ಮರುದಿನ ಮನೆಗೆ ತೆರಳುತ್ತಾರೆ. ಲಾಂಗೆನ್‌ಬೂಖನ ರೋಗಿಗೆ ವಾರಗಟ್ಟಲೆ ದೊರೆತ ಕಾವಲು ಈಗ ಮನೆಯವರ ಪಾಲಿಗೆ ಬಂದಿದೆ. ಹೊಟ್ಟೆಯೊಳಗೆ ತುಂಬಿದ ವಾಯುವಿನಿಂದ ಭುಜ ನೋಯುವುದು ಸಹಜವೆಂದೂ, ಜ್ವರ, ಕಾಮಾಲೆ, ಹೆಚ್ಚುತ್ತಿರುವ ಹೊಟ್ಟೆನೋವು ಸಹಜವಲ್ಲವೆಂದೂ, ಅಂಥವು ಕಂಡರೆ ತಡಮಾಡದೆ ಬರಬೇಕೆಂದೂ ಮನೆಯವರಿಗೆ ತಿಳಿಯ ಹೇಳುವ ಅಲ್ಪಾವಕಾಶವೇ ದಾದಿಗೆ ಉಳಿದಿರುವುದು. ಅಷ್ಟರಲ್ಲಿ ಕೇಳದೆ ಬಿಟ್ಟುದನ್ನು ಕೇಳಲು ಮುಂದೆ ಯಾರೂ ಬಳಿಯಲ್ಲಿರುವುದಿಲ್ಲ.

ಶಸ್ತ್ರಕ್ರಿಯೆಗೆ ಒಂದು ದಿನಾಂಕವುಂಟು. ಗುಣವಾಗುವುದಕ್ಕೆ ಅಂಥ ಒಂದೇ ದಿನಾಂಕವಿಲ್ಲ. ಆದುದರಿಂದಲೇ ಚರಿತ್ರೆಯು ಮೊದಲನೆಯದನ್ನು ಹಿಡಿದು ಎರಡನೆಯದನ್ನು ಕೈಬಿಟ್ಟಿತು. ಜ್ವರದ ಪಟ್ಟಿ, ಪಿತ್ತದ ಅಳತೆಯ ಲೆಕ್ಕ, ರಾತ್ರಿಯ ಪಾಳಿಯ ಟಿಪ್ಪಣಿ ಇವು ಶಾಸನಗಳಂತೆಯೂ ಓಲೆಗಳಂತೆಯೂ ಸಂಶೋಧಕರ ಆದರಕ್ಕೆ ಅರ್ಹವಾದ ಆಕರಗಳು. ಅವನ್ನು ಓದಿದಾಗ ಮಾತ್ರ ಚಿಕಿತ್ಸೆಯ ಮೂರನೆಯ ಪಾದದ ಚರಿತ್ರೆಯು ಪೂರ್ಣವಾದೀತು.