ಕೊಳ್ಳೇಗಾಲ, ಹನೂರು, ಯಳಂದೂರು: ಕನ್ನಡ ಕಲಿಕೆಯ ಮೌಲ್ಯಮಾಪನದ ಇತಿಹಾಸ

ಚಾಮರಾಜನಗರ ಜಿಲ್ಲೆಯ ಈ ಮೂರು ತಾಲ್ಲೂಕುಗಳ ಶಾಲೆಗಳು ಬಹುಕಾಲ ಎರಡು ಆಡಳಿತಗಳಿಗೆ ಹಂಚಿಹೋಗಿದ್ದವು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೊಳ್ಳೇಗಾಲ ಸೀಮೆ, ಇಂದಿನ ಹನೂರೂ ಸೇರಿ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಹೋಯಿತು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರಿನಲ್ಲೇ ಉಳಿಯಿತು. 1956ರ ಏಕೀಕರಣದವರೆಗೂ ಅಕ್ಕಪಕ್ಕದ ಊರುಗಳ ಕನ್ನಡ ಮಕ್ಕಳು ಬೇರೆ ಬೇರೆ ಸರ್ಕಾರಗಳ ಪರೀಕ್ಷೆ ಬರೆದರು.

ಪರೀಕ್ಷಾ ಮಂಡಳಿಗಳು ಹುಟ್ಟುವ ಮೊದಲು ಕಲಿತದ್ದಕ್ಕೆ ಕೃತಿಯೇ ಸಾಕ್ಷಿಯಾಗಿತ್ತು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಯಳಂದೂರಿನ ಹೊನ್ನಮ್ಮ ತನ್ನ ವಿದ್ಯೆಯನ್ನು ತೋರಿದ್ದು ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ರಚಿಸಿ. ಮಲೆ ಮಹದೇಶ್ವರನ ಕಥೆ ಹಾಡುವ ಕಂಸಾಳೆಯವರು, ಮಂಟೇಸ್ವಾಮಿ ಪರಂಪರೆಯ ನೀಲಗಾರರು ಇಂದಿಗೂ ಹಿಮ್ಮೇಳದಲ್ಲಿ ಸೊಲ್ಲು ಹಿಡಿಯುತ್ತಲೇ ಕಲಿಯುತ್ತಾರೆ. ಕಲಿತದ್ದು ಎಷ್ಟೆಂಬುದು ಎದುರು ಕೂತವರಿಗೆ ಗೊತ್ತಾಗುತ್ತದೆ. ನೈಜ ಮೌಲ್ಯಮಾಪನವೆಂದು ಶಿಕ್ಷಣತಜ್ಞರು ಇಂದು ಕರೆಯುವುದು ಇದಕ್ಕೆ ತೀರ ಹತ್ತಿರದ್ದು.

ಮದರಾಸು ಪ್ರಾಂತ್ಯದಲ್ಲಿ 1910ರ ದಶಕದ ಆರಂಭದಲ್ಲಿ ಮೆಟ್ರಿಕ್ಯುಲೇಷನ್ ಜಾಗಕ್ಕೆ ಎಸ್‌ಎಸ್‌ಎಲ್‌ಸಿ ಬಂದಾಗ ತರಗತಿಯ ಅಂಕಗಳನ್ನೂ ಪ್ರಮಾಣಪತ್ರದಲ್ಲಿ ನಮೂದಿಸುವ ಕ್ರಮವಿತ್ತು. ಒಂದೇ ದಿನದ ಬರಹದಿಂದ ವಿದ್ಯಾರ್ಥಿಯನ್ನು ಅಳೆಯಲಾಗದೆಂಬ ಅರಿವು ಹೊಸದೇನಲ್ಲ. ಏಕೀಕರಣದ ನಂತರ, 1966ರಲ್ಲಿ, ಕರ್ನಾಟಕ ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ಆರಂಭವಾಯಿತು.

ಪ್ರಾಥಮಿಕ ಹಂತದಲ್ಲಿ ದೊಡ್ಡ ತಿರುವು ತಂದದ್ದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿತು. ಇಲ್ಲಿ ಮಗು 'ಅ ಆ ಇ ಈ'ಯಿಂದ ಆರಂಭಿಸುವುದಿಲ್ಲ. ಮೊದಲು ಕಲಿಯುವುದು 'ರ ಗ ಸ ದ ಅ'. ಆ ಐದೇ ಅಕ್ಷರಗಳಲ್ಲಿ ಸರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಚಟುವಟಿಕೆಯ ಕಾರ್ಡು ಮುಗಿಸಿ ಕಲಿಕಾ ಏಣಿಯ ಮುಂದಿನ ಮೆಟ್ಟಿಲಿಗೆ ಹೋಗುವುದೇ ಪರೀಕ್ಷೆ. ಪಕ್ಕದ ಮಗುವಿನ ವೇಗ ಅದಕ್ಕೆ ಅಡ್ಡಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನಕ್ಕೆ ಕಾನೂನಿನ ಬಲ ಕೊಟ್ಟಿತು.

ಮೇಲಿನ ತರಗತಿಗಳ ಮಾತು ಬೇರೆ. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಲಿಖಿತ ಪರೀಕ್ಷೆಗೆ, 25 ಆಂತರಿಕ ಮೌಲ್ಯಮಾಪನಕ್ಕೆ. ಗಾದೆ ವಿಸ್ತರಣೆ, ಪತ್ರಲೇಖನ, ಛಂದಸ್ಸಿನ ಪ್ರಸ್ತಾರ, ಪದ್ಯಭಾಗ ಪೂರ್ಣಗೊಳಿಸುವುದು ಎಲ್ಲಕ್ಕೂ ಅಂಕವಿದೆ. ಆ ನೂರರಲ್ಲಿ ಮಾತಿಗೆ ಒಂದೂ ಇಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಮಕ್ಕಳಿಗೆ ಇದು ಸಣ್ಣ ಕೊರತೆಯಲ್ಲ. ಅವರ ಮನೆಮಾತು ಪಠ್ಯದ ಕನ್ನಡವಲ್ಲ. ಆ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅವರಿಗಾಗಿ ಶಾಲೆ ನಡೆಸುತ್ತಿದೆ. ಬೆಟ್ಟದ ಕೆಳಗಿನ ಸೀಮೆಯ ಆಡುಮಾತಿನಲ್ಲೇ ಬರೆದ ದೇವನೂರ ಮಹಾದೇವರ 'ಕುಸುಮಬಾಲೆ' 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಇಂಥ ಮನೆಮಾತುಗಳಿಗೆ ಉತ್ತರಪತ್ರಿಕೆಯಲ್ಲೂ ಜಾಗ ಸಿಗಬೇಕಾದದ್ದು ನ್ಯಾಯ.

ಏಕರೂಪದ ಪರೀಕ್ಷೆಯಿಂದ ಉಪಯೋಗವೇ ಇಲ್ಲವೆಂದಲ್ಲ. 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆ ಮಗುವಿನ ಮನೆಗೇ ಹೋಗಿ, ಅಕ್ಷರ, ಪದ, ವಾಕ್ಯವೃಂದ, ಕಥೆಯನ್ನು ಬಾಯಿಬಿಟ್ಟು ಓದಿಸುತ್ತದೆ. ಹಿಂದುಳಿದ ಮಕ್ಕಳು ಕಣ್ಣಿಗೆ ಬೀಳುವುದು ಹೀಗೆ.

ಇನ್ನೊಂದು ಏಕರೂಪದ ಪರೀಕ್ಷೆ, 5, 8, 9ನೇ ತರಗತಿಗಳ ಮಂಡಳಿ ಪರೀಕ್ಷೆ, 2024ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದುಮಾಡಿತು, ವಿಭಾಗೀಯ ಪೀಠ ಎತ್ತಿಹಿಡಿಯಿತು. ಮಕ್ಕಳು ಪರೀಕ್ಷೆ ಬರೆದಾದ ಮೇಲೆ, ಏಪ್ರಿಲ್ 8ರಂದು, ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು.