ಮೊಲೊಕಾಯ್ ದ್ವೀಪದ ಸಮಾಧಿಭೂಮಿ: ಸಾವಿನೆದುರು ಕ್ರೈಸ್ತನ ಭರವಸೆ

ಶತಮಾನೋತ್ಸವವೆಂದರೆ ಸಂಭ್ರಮ. ದೇವಾಲಯಕ್ಕೆ ಸುಣ್ಣಬಣ್ಣ, ಬಾಗಿಲಿಗೆ ತೋರಣ, ಧರ್ಮಾಧ್ಯಕ್ಷರ ಆಗಮನ, ಕೃತಜ್ಞತೆಯ ಬಲಿಪೂಜೆ, ಇವೆಲ್ಲವೂ ಸಲ್ಲತಕ್ಕವೇ. ಆದರೆ ನೂರು ವರ್ಷಗಳ ಹಿಂದೆ ಇಲ್ಲಿ ನಡೆದ ಮೊದಲ ಪೂಜೆಯಲ್ಲಿ ಮೊಣಕಾಲೂರಿದ ಹಿರಿಯರಾರೂ ಇಂದು ನಮ್ಮ ಸಾಲಿನಲ್ಲಿಲ್ಲ. ಅವರು ಸಮಾಧಿಭೂಮಿಯ ಮಣ್ಣಿನಲ್ಲಿ ವಿಶ್ರಮಿಸಿದ್ದಾರೆ. ಜ್ಞಾನಸ್ನಾನದ ದಫ್ತರಿನಲ್ಲಿ ಬರೆಯಲ್ಪಟ್ಟ ಅವರ ಹೆಸರುಗಳು ಕಾಲಕ್ರಮದಲ್ಲಿ ಮರಣದ ದಫ್ತರಿಗೂ ಏರಿದವು. ಈ ಎರಡು ದಫ್ತರುಗಳ ನಡುವೆ ಇರುವುದೇ ಒಂದು ಧರ್ಮಕೇಂದ್ರದ ಚರಿತ್ರೆ.

ಮಂಗಳ ಸಮಯದಲ್ಲಿ ಸಾವಿನ ಮಾತೇಕೆ ಎಂದು ಕೆಲವರು ಕೇಳಬಹುದು. ಪ್ರತಿ ಭಾನುವಾರ ನಾವು ಒಕ್ಕೊರಲಿನಿಂದ ಹೇಳುವ ವಿಶ್ವಾಸಪ್ರಮಾಣವು ಮುಗಿಯುವುದೇ ಮೃತರ ಪುನರುತ್ಥಾನದ ಮತ್ತು ನಿತ್ಯಜೀವದ ಮಾತಿನಿಂದ. ಬಾಯಲ್ಲಿ ಹೇಳುವ ಈ ಮಾತು ಬದುಕಿನಲ್ಲಿ ಹೇಗಿರುತ್ತದೆ? ಸಾವು ನಿಜವಾಗಿ ಎದುರು ಬಂದು ನಿಂತಾಗ ಕ್ರೈಸ್ತನ ಭರವಸೆಯು ಏನು ಮಾಡುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ವಾದದಿಂದ ಕೊಡುವುದಕ್ಕಿಂತ ಚರಿತ್ರೆಯಿಂದ ಕೊಡುವುದು ಲೇಸು. ಅದಕ್ಕಾಗಿ ಹದಿನಾರು ವರ್ಷಗಳ ಕಾಲ ಸಮಾಧಿಗಳ ಪಕ್ಕದಲ್ಲೇ ಬಾಳಿದ ಒಬ್ಬ ಗುರುವಿನ ವೃತ್ತಾಂತವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಅಣ್ಣನ ಬದಲು ಹೊರಟ ತಮ್ಮ

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ 1840ರ ಜನವರಿ 3ರಂದು ಜೋಸೆಫ್ ಡಿ ವೂಸ್ಟರ್ ಜನಿಸಿದರು. ಅಣ್ಣನ ಹಿಂದೆಯೇ ಯೇಸು ಮರಿಯರ ಪವಿತ್ರ ಹೃದಯಗಳ ಸಭೆಯನ್ನು ಸೇರಿ ಡೇಮಿಯನ್ ಎಂಬ ಹೆಸರನ್ನು ಪಡೆದರು. 1860ರ ಅಕ್ಟೋಬರ್ 7ರಂದು ಪ್ಯಾರಿಸ್ ನಗರದಲ್ಲಿ ಅವರು ಸನ್ಯಾಸ ವ್ರತಗಳನ್ನು ಸ್ವೀಕರಿಸಿದರು. ವ್ರತ ಸ್ವೀಕರಿಸುವವರು ನೆಲದ ಮೇಲೆ ಬೋರಲಾಗಿ ಮಲಗಿದಾಗ ಅವರ ಮೇಲೆ ಶವಪೆಟ್ಟಿಗೆಗೆ ಹೊದಿಸುವ ಬಟ್ಟೆಯನ್ನು ಹೊದಿಸುವ ಪದ್ಧತಿ ಆ ಸಭೆಯಲ್ಲಿತ್ತು. ಲೋಕಕ್ಕೆ ಸತ್ತು ಕ್ರಿಸ್ತರಲ್ಲಿ ಬದುಕುವೆನೆಂಬುದು ಅದರ ಅರ್ಥ. ಇಪ್ಪತ್ತರ ಹರೆಯದ ಆ ಯುವಕ ಆ ಬಟ್ಟೆಯನ್ನು ಕೊನೆಯವರೆಗೂ ಮರೆಯಲಿಲ್ಲ.

ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಹೋಗಬೇಕಾಗಿದ್ದವರು ಅವರ ಅಣ್ಣ. ಆದರೆ 1863ರಲ್ಲಿ ಅಣ್ಣನವರು ಜ್ವರದಿಂದ ಹಾಸಿಗೆ ಹಿಡಿದುದರಿಂದ ತಮ್ಮನೇ ಹೊರಟರು. 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ, ಅವರ ಹಡಗು ಹೊನೊಲುಲು ಬಂದರನ್ನು ಮುಟ್ಟಿತು. ಅದೇ ವರ್ಷದ ಮೇ 21ರಂದು ಅವರಿಗೆ ಗುರುದೀಕ್ಷೆಯಾಯಿತು. ಮುಂದಿನ ಒಂಬತ್ತು ವರ್ಷ ಅವರು ಹವಾಯಿಯ ದೊಡ್ಡ ದ್ವೀಪದಲ್ಲಿ ಬೆಟ್ಟ ಕಣಿವೆಗಳನ್ನು ಸುತ್ತುತ್ತ, ತಮ್ಮ ಕೈಯಾರೆ ಪ್ರಾರ್ಥನಾ ಮಂದಿರಗಳನ್ನು ಕಟ್ಟುತ್ತ ಸೇವೆ ಸಲ್ಲಿಸಿದರು.

ಬದುಕಿರುವವರ ಸಮಾಧಿ

ಆಗ ಆ ದ್ವೀಪಗಳಲ್ಲಿ ಕುಷ್ಠರೋಗವು ಹರಡಿತ್ತು. ಔಷಧವಿರಲಿಲ್ಲ. 1865ರಲ್ಲಿ ಐದನೆಯ ಕಮೆಹಮೆಹ ಅರಸರ ಆಳ್ವಿಕೆಯಲ್ಲಿ ರೋಗಿಗಳನ್ನು ಪ್ರತ್ಯೇಕವಾಗಿಡುವ ಕಾನೂನು ಬಂದಿತು. ಮೊಲೊಕಾಯ್ ದ್ವೀಪದ ಉತ್ತರದಲ್ಲಿ ಸಮುದ್ರಕ್ಕೆ ಚಾಚಿಕೊಂಡಿರುವ ಒಂದು ಭೂಭಾಗವನ್ನು ಅದಕ್ಕಾಗಿ ಆರಿಸಲಾಯಿತು. ಮೂರು ಕಡೆ ಅಬ್ಬರಿಸುವ ಕಡಲು, ನಾಲ್ಕನೆಯ ಕಡೆ ಗೋಡೆಯಂತೆ ನಿಂತ ಪರ್ವತ. 1866ರ ಜನವರಿಯಲ್ಲಿ ಮೊದಲ ರೋಗಿಗಳನ್ನು ಅಲ್ಲಿನ ಕಲವಾವೋ ಎಂಬಲ್ಲಿ ಇಳಿಸಿದರು. ಗಂಡನನ್ನು ಹೆಂಡತಿಯಿಂದ, ಮಗುವನ್ನು ತಾಯಿಯಿಂದ ಬೇರ್ಪಡಿಸಿ ಹಡಗೇರಿಸುತ್ತಿದ್ದರು. ಹೋದವರು ಹಿಂದಿರುಗುವ ಆಸೆಯಿರಲಿಲ್ಲ. 1866ರಿಂದ ಆ ಕಾನೂನು ರದ್ದಾದ 1969ರವರೆಗೆ ಸುಮಾರು 8000 ಜನರು ಹೀಗೆ ಅಲ್ಲಿಗೆ ಕಳುಹಿಸಲ್ಪಟ್ಟರು.

1873ರ ಮೇ ತಿಂಗಳಲ್ಲಿ ಧರ್ಮಾಧ್ಯಕ್ಷರಾದ ಮೆಗ್ರೆಯವರು ಈ ರೋಗಿಗಳಿಗಾಗಿ ತಾವು ಪಡುತ್ತಿದ್ದ ವ್ಯಥೆಯನ್ನು ತಮ್ಮ ಗುರುಗಳ ಮುಂದೆ ತೋಡಿಕೊಂಡರು. ಹೋಗೆಂದು ಯಾರಿಗೂ ಆಜ್ಞೆ ಮಾಡಲು ಅವರಿಗೆ ಮನಸ್ಸಿರಲಿಲ್ಲ. ನಾಲ್ವರು ಗುರುಗಳು ತಾವಾಗಿಯೇ ಮುಂದೆ ಬಂದರು. ಅವರಲ್ಲಿ ಮೊದಲು ಹೊರಟವರು ಫಾದರ್ ಡೇಮಿಯನ್. ವ್ರತದ ದಿನ ಶವದ ಬಟ್ಟೆಯಡಿ ಮಲಗಿದವನಿಗೆ ಇದು ಕರ್ತವ್ಯವೇ ಎಂಬುದು ಅವರ ಭಾವನೆಯಾಗಿತ್ತು. ಮೇ 10ರಂದು ಅವರು ಕಲವಾವೋ ನೆಲದ ಮೇಲೆ ಕಾಲಿಟ್ಟರು. ಅವರಿಗೆ ಆಗ 33 ವರ್ಷ. ಮನೆಯಿಲ್ಲದ ಕಾರಣ ಮೊದಲ ರಾತ್ರಿಗಳನ್ನು ಸಂತ ಫಿಲೋಮಿನಾ ದೇವಾಲಯದ ಬಳಿಯ ಒಂದು ಮರದ ಬುಡದಲ್ಲಿ ಕಳೆದರು. ಆ ಮರ ನಮ್ಮ ನಾಡಿನ ಕೇದಿಗೆಯ ಜಾತಿಗೆ ಸೇರಿದ್ದು.

ಶವಪೆಟ್ಟಿಗೆ ಮಾಡಿದ ಗುರು

ಅಲ್ಲಿ ಅವರು ಕಂಡದ್ದೇನು? ಸಾಯುವುದಕ್ಕೆಂದೇ ತಂದು ಬಿಟ್ಟ ಜನ ಬದುಕುವ ಆಸೆಯನ್ನು ಬಿಟ್ಟಿದ್ದರು. ಸತ್ತವರನ್ನು ಬರಿಯ ಕಂಬಳಿಯಲ್ಲಿ ಸುತ್ತಿ ಆಳವಿಲ್ಲದ ಗುಂಡಿಯಲ್ಲಿ ಹೂಳುತ್ತಿದ್ದರು. ಅಳುವವರಿಲ್ಲ, ಪ್ರಾರ್ಥಿಸುವವರಿಲ್ಲ, ಗುರುತಿಗೊಂದು ಶಿಲುಬೆಯೂ ಇಲ್ಲ.

ಫಾದರ್ ಡೇಮಿಯನ್‌ರವರು ಹೇಗೆ ಆರಂಭಿಸಿದರೆಂಬುದನ್ನು ನಾವು ಗಮನಿಸಬೇಕು. ಉಳಿ, ಬಾಚಿ, ಸುತ್ತಿಗೆಗಳನ್ನು ಹಿಡಿದು ಅವರು ಶವಪೆಟ್ಟಿಗೆಗಳನ್ನು ಮಾಡತೊಡಗಿದರು. ತಾವೇ ಗುಂಡಿ ತೋಡಿದರು. ಸಮಾಧಿಭೂಮಿಗೆ ಬೇಲಿ ಹಾಕಿದರು. ರೋಗಿಗಳನ್ನೇ ಸೇರಿಸಿ ಒಂದು ಶವಸಂಸ್ಕಾರ ಸಂಘವನ್ನು ಕಟ್ಟಿದರು. ಯಾರೇ ತೀರಿಕೊಂಡರೂ ಮುಂದೆ ಶಿಲುಬೆ, ಹಿಂದೆ ವಾದ್ಯ, ಅದರ ಹಿಂದೆ ಹಾಡುತ್ತ ನಡೆಯುವ ಜನ. ಅದುವರೆಗೆ ಕಸದಂತೆ ಎಸೆಯಲ್ಪಡುತ್ತಿದ್ದ ದೇಹವು ಪುನರುತ್ಥಾನಕ್ಕೆ ಕಾದಿರುವ ದೇಹವೆಂಬ ಗೌರವವನ್ನು ಪಡೆಯಿತು.

ಇದನ್ನು ಕಂಡ ರೋಗಿಗಳಲ್ಲಿ ಬದಲಾವಣೆಯಾದುದರಲ್ಲಿ ಆಶ್ಚರ್ಯವಿಲ್ಲ. ಸತ್ತ ಮೇಲೂ ತನ್ನನ್ನು ಗೌರವಿಸುವವರಿದ್ದಾರೆಂದು ತಿಳಿದ ಮನುಷ್ಯ ಬದುಕಿರುವಾಗ ತನ್ನನ್ನು ತಾನು ಕೀಳಾಗಿ ಕಾಣಲಾರ. ನಂತರದ ವರ್ಷಗಳಲ್ಲಿ ಅದೇ ಗುರುವಿನ ಮುಂದಾಳುತನದಲ್ಲಿ ಕಣಿವೆಯಿಂದ ಕೊಳವೆಯಲ್ಲಿ ನೀರು ಬಂದಿತು. ಗುಡಿಸಲುಗಳ ಜಾಗದಲ್ಲಿ ಮರದ ಮನೆಗಳು ಎದ್ದವು. ಅನಾಥ ಮಕ್ಕಳಿಗೆ ಆಶ್ರಯ ದೊರೆಯಿತು. ಬೆರಳು ಕಳೆದುಕೊಂಡವರು ವಾದ್ಯ ನುಡಿಸಿದರು, ಗಾಯನ ಮಂಡಳಿ ಹುಟ್ಟಿಕೊಂಡಿತು, ಪರಮಪ್ರಸಾದದ ಆರಾಧನೆ ನಡೆಯಿತು. ನಿತ್ಯಜೀವದ ಭರವಸೆಯು ಮನುಷ್ಯರನ್ನು ಈ ಲೋಕದ ಕೆಲಸಕ್ಕೆ ಸೋಮಾರಿಗಳನ್ನಾಗಿ ಮಾಡುತ್ತದೆಂದು ಆಕ್ಷೇಪಿಸುವವರುಂಟು. ಕಲವಾವೋ ಚರಿತ್ರೆಯನ್ನು ಓದಿದವರು ಹಾಗೆ ಹೇಳಲಾರರು.

ಅವರ ಮನೆಯಿದ್ದುದು ಸಮಾಧಿಗಳ ಪಕ್ಕದಲ್ಲಿ. ಆ ಸಮಾಧಿಗಳ ನಡುವೆ ಜಪಮಾಲೆ ಹಿಡಿದು ಓಡಾಡುವುದು ಅವರಿಗೆ ಪ್ರಿಯವಾಗಿತ್ತು. ಅಲ್ಲಿ ಮಲಗಿದವರಲ್ಲಿ ಬಹುಮಂದಿಯ ಪಾಪನಿವೇದನೆಯನ್ನು ಕೇಳಿ, ಪರಮಪ್ರಸಾದವನ್ನು ಕೊಟ್ಟು, ಅವರನ್ನು ಹೂತವರು ಅವರೇ. ಆ ನೆಲ ಅವರ ಪಾಲಿಗೆ ಪರಿಚಿತರ ಬೀದಿಯಾಗಿತ್ತು.

ನಾವು ಕುಷ್ಠರೋಗಿಗಳು

ಒಂದು ಜನಪ್ರಿಯ ಕಥೆಯನ್ನು ಇಲ್ಲಿ ತಿದ್ದುವುದು ಅಗತ್ಯ. ರೋಗವು ತಮಗೆ ತಗುಲಿದುದನ್ನು ತಿಳಿದ ದಿನ ಅವರು ಪ್ರವಚನದಲ್ಲಿ ಮೊದಲ ಬಾರಿಗೆ ‘ನಾವು ಕುಷ್ಠರೋಗಿಗಳು’ ಎಂದು ಸಂಬೋಧಿಸಿದರೆಂದು ಹಲವರು ಹೇಳುತ್ತಾರೆ. ಆದರೆ 1873ರಲ್ಲಿಯೇ, ಆರೋಗ್ಯ ದೃಢವಾಗಿದ್ದಾಗಲೇ, ತಾವು ಹಾಗೆ ಹೇಳುತ್ತಿರುವುದಾಗಿ ಅವರು ಅಣ್ಣನಿಗೆ ಪತ್ರ ಬರೆದಿದ್ದರು. ರೋಗವು ಅವರನ್ನು ಅವರ ಜನರೊಡನೆ ಒಂದು ಮಾಡಲಿಲ್ಲ. ಅವರು ಮೊದಲೇ ಒಂದಾಗಿದ್ದರು. ರೋಗ ಬಂದುದು ಹನ್ನೊಂದು ವರ್ಷಗಳ ತರುವಾಯ.

1884ರ ಡಿಸೆಂಬರಿನಲ್ಲಿ ಒಂದು ಸಂಜೆ ದಣಿದ ಕಾಲನ್ನು ಬಿಸಿನೀರಿಗೆ ಇಟ್ಟಾಗ ಚರ್ಮ ಬೆಂದು ಬೊಬ್ಬೆಯೆದ್ದರೂ ನೋವೇ ತಿಳಿಯಲಿಲ್ಲ. ಅದರ ಅರ್ಥವೇನೆಂಬುದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ವೈದ್ಯರೂ ಸಂದೇಹವನ್ನು ದೃಢಪಡಿಸಿದರು. ಅವರು ಕೆಲಸವನ್ನು ನಿಲ್ಲಿಸಲಿಲ್ಲ.

ಆದರೆ ಸಂತರಿಗೆ ಭಯವೂ ದುಃಖವೂ ಇರುವುದಿಲ್ಲವೆಂದು ನಾವು ತಿಳಿಯಬಾರದು. ಜೊತೆಗೆ ಇನ್ನೊಬ್ಬ ಗುರುವಿಲ್ಲದ ವರ್ಷಗಳು ಅವರಿಗೆ ಅತ್ಯಂತ ಕಷ್ಟದವಾಗಿದ್ದವು. ದಿಗ್ಬಂಧನದ ನಿಯಮದಂತೆ ಒಮ್ಮೆ ಹಡಗನ್ನೇರಲು ಅವರಿಗೆ ಅನುಮತಿ ಸಿಗಲಿಲ್ಲ. ಆಗ ಅವರು ಕೆಳಗಿನ ದೋಣಿಯಲ್ಲಿ ನಿಂತು, ಹಡಗಿನ ಮೇಲಿದ್ದ ತಮ್ಮ ಶ್ರೇಷ್ಠರಿಗೆ ಗಟ್ಟಿಯಾಗಿ ಕೂಗಿ ಪಾಪನಿವೇದನೆ ಮಾಡಿದರು. ಕೊನೆಯ ವರ್ಷಗಳಲ್ಲಿ ಮನಸ್ಸನ್ನು ಕತ್ತಲೆ ಕವಿದದ್ದೂ ಉಂಟು. ಸ್ವರ್ಗಕ್ಕೆ ತಾನು ಅರ್ಹನಲ್ಲವೆಂಬ ಕಳವಳವೂ ಅವರನ್ನು ಕಾಡಿತು. ಲಾಜರನನ್ನು ಎಬ್ಬಿಸಲಿದ್ದ ಯೇಸುಸ್ವಾಮಿಯೇ ಅವನ ಸಮಾಧಿಯ ಬಳಿ ಕಣ್ಣೀರಿಟ್ಟರಲ್ಲವೇ? ಭರವಸೆಯೆಂದರೆ ಕಣ್ಣೀರಿಲ್ಲದಿರುವುದಲ್ಲ. ಕಣ್ಣೀರಿನ ನಡುವೆಯೂ ದೇವರ ಕೈಯನ್ನು ಬಿಡದಿರುವುದು.

ಪವಿತ್ರ ವಾರದ ಸೋಮವಾರ

ಕೊನೆಗೆ ನೆರವು ಬಂದಿತು. 1886ರಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್, 1888ರಲ್ಲಿ ಫಾದರ್ ಕೊನ್ರಾರ್ಡಿ, ಅದೇ ವರ್ಷದ ನವೆಂಬರಿನಲ್ಲಿ ಫ್ರಾನ್ಸಿಸ್ಕನ್ ಕನ್ಯಾಸ್ತ್ರೀಯರೊಡನೆ ಮದರ್ ಮರಿಯಾನ್ ಕೋಪ್ ಆಗಮಿಸಿದರು. ತಮ್ಮ ಮಕ್ಕಳನ್ನು ನೋಡಿಕೊಳ್ಳುವವರಿದ್ದಾರೆಂಬ ಸಮಾಧಾನ ಅವರಿಗೆ ಸಿಕ್ಕಿತು.

1889ರ ಮಾರ್ಚ್ 23ರ ನಂತರ ಅವರು ಹಾಸಿಗೆಯಿಂದ ಏಳಲಿಲ್ಲ. ಪಾಪನಿವೇದನೆ ಮಾಡಿ, ವ್ರತಗಳನ್ನು ನವೀಕರಿಸಿ, ಅಭ್ಯಂಗ ಸಂಸ್ಕಾರವನ್ನು ಪಡೆದರು. ಈ ವರ್ಷದ ಪಾಸ್ಖ ಹಬ್ಬವನ್ನು ಸ್ವರ್ಗದಲ್ಲಿ ಆಚರಿಸುವೆನೆಂಬ ನಂಬಿಕೆಯನ್ನು ಬಳಿಯಿದ್ದವರಿಗೆ ತಿಳಿಸಿದರು. ಏಪ್ರಿಲ್ 15ರಂದು, ಪವಿತ್ರ ವಾರದ ಸೋಮವಾರ, 49ರ ಪ್ರಾಯದಲ್ಲಿ ಪ್ರಾಣಬಿಟ್ಟರು. ಮೊದಲ ರಾತ್ರಿಗಳಲ್ಲಿ ತಮಗೆ ಆಶ್ರಯ ಕೊಟ್ಟ ಆ ಮರದ ಬುಡದಲ್ಲೇ, ಅವರ ಇಚ್ಛೆಯಂತೆ, ಅವರನ್ನು ಸಮಾಧಿ ಮಾಡಲಾಯಿತು.

1936ರಲ್ಲಿ ಅವರ ದೇಹವನ್ನು ಬೆಲ್ಜಿಯಂಗೆ ಸಾಗಿಸಲಾಯಿತು. 1995ರಲ್ಲಿ ಧನ್ಯರೆಂದು ಘೋಷಿಸಲ್ಪಟ್ಟ ಬಳಿಕ ಅವರ ಬಲಗೈಯ ಅವಶೇಷವು ಮೊಲೊಕಾಯ್‌ಗೆ ಹಿಂದಿರುಗಿತು. ಅಷ್ಟೊಂದು ಶವಪೆಟ್ಟಿಗೆಗಳಿಗೆ ಮೊಳೆ ಹೊಡೆದ ಕೈ ಅದು. 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಅವರಿಗೆ ಸಂತ ಪದವಿಯನ್ನಿತ್ತರು. ಸಾಮಾನ್ಯವಾಗಿ ಸಂತರ ಸ್ಮರಣೆಯನ್ನು ಅವರ ಮರಣದ ದಿನದಂದು ಆಚರಿಸುವುದು ಧರ್ಮಸಭೆಯ ರೂಢಿ. ಸಂತ ಡೇಮಿಯನ್‌ರ ಸ್ಮರಣೆ ಮಾತ್ರ ಮೇ 10ರಂದು, ಅವರು ಆ ಸಾವಿನ ನೆಲಕ್ಕೆ ಕಾಲಿಟ್ಟ ದಿನ.

ನಮ್ಮ ನಾಡಿನಲ್ಲಿ, ನಮ್ಮ ಮನೆಗಳಲ್ಲಿ

ಅವರು ತೀರಿಕೊಂಡ ಮರುವರ್ಷ, 1890ರಲ್ಲಿ, ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯಧಾಮ ಆರಂಭವಾಯಿತು. ಅದನ್ನು ತೆರೆದವರು ಜರ್ಮನಿಯಿಂದ ಬಂದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್. 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡುವುದರಿಂದ ಆರಂಭವಾದ ಅವರ ಸೇವೆಯು ಕುಷ್ಠರೋಗಿಗಳಿಗೂ ಪ್ಲೇಗು ಪೀಡಿತರಿಗೂ ವಿಸ್ತರಿಸಿತು. ಅವರು ದೈವಾಧೀನರಾದುದು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ. ಮೊಲೊಕಾಯ್ ದೂರದ ಮಾತಲ್ಲವೆಂಬುದಕ್ಕೆ ಇದು ಸಾಕ್ಷಿ.

ಇಂದು ಕುಷ್ಠರೋಗಕ್ಕೆ ಮದ್ದಿದೆ, ಅದು ಗುಣವಾಗುತ್ತದೆ. ಆದರೆ ಸಾವಿಗೆ ಮದ್ದಿಲ್ಲ. ಸಾಯುವವರನ್ನು ದೂರವಿಡುವ ನಮ್ಮ ಸ್ವಭಾವವೂ ಪೂರ್ತಿ ಹೋಗಿಲ್ಲ. ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ನಾವು ಏನು ಮಾಡುತ್ತೇವೆ? ಸ್ವಾಮಿಗಳನ್ನು ಕರೆದರೆ ರೋಗಿ ಹೆದರಿಕೊಳ್ಳುವರೆಂದು ಅಂಜಿ ಪ್ರಜ್ಞೆ ತಪ್ಪುವವರೆಗೂ ಕಾಯುತ್ತೇವೆ. ಹಿಂದೆ ಅಂತ್ಯಾಭ್ಯಂಗವೆಂದು ಕರೆಯುತ್ತಿದ್ದ ಸಂಸ್ಕಾರವನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ರೋಗಿಗಳ ಅಭ್ಯಂಗವೆಂದು ಕರೆದು, 1972ರಲ್ಲಿ ಜಗದ್ಗುರು ಆರನೆಯ ಪಾವುಲರು ಅದರ ವಿಧಿಯನ್ನು ನವೀಕರಿಸಿದರು. ಅದು ಕೊನೆಯುಸಿರಿನವರಿಗೆ ಮಾತ್ರವಲ್ಲ, ಗಂಭೀರವಾದ ಕಾಯಿಲೆಯಲ್ಲಿರುವವರಿಗೂ ವೃದ್ಧಾಪ್ಯದಿಂದ ನಿಶ್ಶಕ್ತರಾದವರಿಗೂ ಬಲ ಕೊಡುವ ಸಂಸ್ಕಾರ. ರೋಗಿಗೆ ಅರಿವಿರುವಾಗಲೇ, ಮನೆಮಂದಿ ಸುತ್ತ ನಿಂತು ಪ್ರಾರ್ಥಿಸುವಾಗಲೇ ಅದು ನಡೆಯಬೇಕು. ನಾವು ಹೆದರಿ ತಡಮಾಡಿದರೆ, ಅವರಿಗೆ ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಭರವಸೆಯನ್ನು ಅವರಿಂದ ಬಚ್ಚಿಟ್ಟಂತಾಗುತ್ತದೆ.

ಹಾಗೆಯೇ ಧರ್ಮಕೇಂದ್ರದ ಅತಿ ಬಡವನ ಶವಯಾತ್ರೆಯಲ್ಲಿ ಎಷ್ಟು ಜನ ನಡೆಯುತ್ತಾರೆಂಬುದು ನಮ್ಮ ವಿಶ್ವಾಸದ ಅಳತೆಗೋಲು. ಅನುಕೂಲಸ್ಥರ ಮರಣಕ್ಕೆ ದೇವಾಲಯ ತುಂಬಿ, ಬಂಧುಬಳಗವಿಲ್ಲದವನ ಪೆಟ್ಟಿಗೆಗೆ ಹೆಗಲು ಕೊಡುವವರಿಲ್ಲದಿದ್ದರೆ ಪುನರುತ್ಥಾನದ ಬಗ್ಗೆ ನಾವು ಹೇಳುವ ಮಾತನ್ನು ಯಾರು ನಂಬಿಯಾರು?

ಈ ಶತಮಾನೋತ್ಸವದ ಪೂಜೆ ಮುಗಿದ ಮೇಲೆ ನಾವೆಲ್ಲರೂ ಕುಟುಂಬಸಮೇತರಾಗಿ ಸಮಾಧಿಭೂಮಿಗೆ ಒಮ್ಮೆ ಹೋಗಿ ಬರೋಣ. ಹೆಸರು ಅಳಿಸಿಹೋದ ಸಮಾಧಿಗಳ ಬಳಿಯೂ ಒಂದು ಬತ್ತಿ ಹಚ್ಚೋಣ. ಮಕ್ಕಳಿಗೆ, ಇವರು ನಿಮ್ಮ ಅಜ್ಜನ ಅಜ್ಜ, ಈ ದೇವಾಲಯಕ್ಕೆ ಕಲ್ಲು ಹೊತ್ತವರು ಎಂದು ತೋರಿಸೋಣ. ಇನ್ನೊಂದು ನೂರು ವರ್ಷಗಳಲ್ಲಿ ನಮ್ಮ ಹೆಸರುಗಳೂ ಆ ಎರಡನೆಯ ದಫ್ತರಿಗೆ ಏರಿರುತ್ತವೆ. ಅಂದು ಇಲ್ಲಿ ಮೊಣಕಾಲೂರುವವರು ನಮಗಾಗಿ ಪ್ರಾರ್ಥಿಸುವರೆಂಬ ನಂಬಿಕೆ ನಮಗಿದೆ. ಅವರಿಗಾಗಿ ನಾವೂ ದೇವರ ಸನ್ನಿಧಿಯಲ್ಲಿ ಬೇಡುವಂತಾಗಲೆಂದು ಪ್ರಭುವಿನಲ್ಲಿ ಪ್ರಾರ್ಥಿಸುತ್ತೇವೆ.