ಆರಿಸಿದವರು ಮತ್ತು ಕೈಬಿಟ್ಟವರು

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನನ್ನು ಗಮನಿಸಿ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಸುಳಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಇಷ್ಟೆಲ್ಲ ನೋಡಿ ತಂದ ಎತ್ತು ನೊಗಕ್ಕೆ ಹೇಗೆ ಒಗ್ಗುತ್ತದೆ ಎಂಬುದು ಗೊತ್ತಾಗುವುದು ಮಾತ್ರ ಮುಂಗಾರು ಬಿದ್ದ ಮೇಲೆಯೇ. ಮನುಷ್ಯರನ್ನು ಎತ್ತಿಗೆ ಹೋಲಿಸುವುದು ತರವಲ್ಲ. ಆದರೂ ವೃತ್ತಿಪರ ಕ್ರೀಡಾ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ರೀತಿ ಕಂಡಾಗ ಈ ಜಾತ್ರೆಯ ನೆನಪಾಗದೆ ಇರದು.

ಸರದಿಯ ಪ್ರಕಾರ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹಣವಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಿದ್ದುದರಿಂದ ಬೇಸತ್ತ ಫಿಲಡೆಲ್ಫಿಯಾ ಈಗಲ್ಸ್ ತಂಡದ ಬರ್ಟ್ ಬೆಲ್ ಒಂದು ಉಪಾಯ ಹೇಳಿದರು: ಹಿಂದಿನ ವರ್ಷ ಕಟ್ಟಕಡೆಗೆ ನಿಂತ ತಂಡ ಮೊದಲು ಆರಿಸಿಕೊಳ್ಳಲಿ, ಗೆದ್ದ ತಂಡ ಕೊನೆಗೆ ಆರಿಸಿಕೊಳ್ಳಲಿ. 1936ರ ಫೆಬ್ರುವರಿಯಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಮೊಟ್ಟಮೊದಲು ಹೆಸರು ಕೂಗಿಸಿಕೊಂಡ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2000ದಲ್ಲಿ ಟಾಮ್ ಬ್ರೇಡಿ ಎಂಬ ತರುಣನ ಸರದಿ ಬರುವ ಹೊತ್ತಿಗೆ 198 ಮಂದಿಯ ಆಯ್ಕೆ ಮುಗಿದಿತ್ತು. ಆತ ಮುಂದೆ ಏಳು ಬಾರಿ ಸೂಪರ್ ಬೌಲ್ ಗೆದ್ದ. ಆರಿಸುವವರ ಕಣ್ಣಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಈ ಪದ್ಧತಿ ನಮ್ಮ ಊರಿನ ಫುಟ್‌ಬಾಲನ್ನೂ ಮುಟ್ಟಿತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಐ-ಲೀಗನ್ನು ಎರಡು ಬಾರಿ ಗೆದ್ದು 2017ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಬಂದಿತು. ಆ ವರ್ಷದ ಜುಲೈ 23ರಂದು ಮುಂಬೈಯಲ್ಲಿ ಭಾರತೀಯ ಆಟಗಾರರ ಡ್ರಾಫ್ಟ್ ನಡೆಯಿತು. ಸುನಿಲ್ ಚೆಟ್ರಿ ಮತ್ತು ಉದಾಂತ ಸಿಂಗ್ ಅವರನ್ನು ಉಳಿಸಿಕೊಂಡಿದ್ದ ಬೆಂಗಳೂರು, ಲೆನ್ನಿ ರೋಡ್ರಿಗಸ್, ಹರ್ಮನ್‌ಜೋತ್ ಖಾಬ್ರಾ, ಸುಭಾಶಿಷ್ ಬೋಸ್, ರಾಹುಲ್ ಭೇಕೆ ಮೊದಲಾದವರನ್ನು ಆರಿಸಿಕೊಂಡಿತು. ಅಂದು ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಕೇರಳದ ಅನಸ್ ಎಡತೊಡಿಕ. ಜಮ್‌ಶೆಡ್‌ಪುರ ತಂಡ ಅವರನ್ನು ಕೂಗಿತು. ಅವರು ಅಲ್ಲಿದ್ದುದು ಒಂದೇ ಋತು.

ಕೆಂಗೇರಿಯ ನಮಗೆ ಇದು ಬಹುಕಾಲ ದೂರದ ಮಾತಾಗಿತ್ತು. ಬೆಂಗಳೂರಿನ ಫುಟ್‌ಬಾಲ್ ಎಂದರೆ ದಂಡು ಪ್ರದೇಶದ ಆಟ. ಹಲಸೂರು, ಆಸ್ಟಿನ್ ಟೌನ್, ಗೌತಮಪುರದ ಆಟ. ಪಶ್ಚಿಮದ ಬಡಾವಣೆಗಳಲ್ಲಿ ಕ್ರಿಕೆಟ್ಟಿನದೇ ರಾಜ್ಯಭಾರ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿಗೆ ಬಂದ ಮೇಲೆ ದೂರ ಕುಗ್ಗಿತು. ಇಲ್ಲಿ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಂಠೀರವ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. ಪಂದ್ಯದ ದಿನ ನೀಲಿ ಅಂಗಿ ತೊಟ್ಟ ಹುಡುಗರು ಗಾಡಿಯಲ್ಲಿ ಒಂದು ವಾದ ಹೂಡುತ್ತಾರೆ: ನಮ್ಮ ತಂಡ ಇದುವರೆಗೆ ಮಾಡಿದ ಅತ್ಯುತ್ತಮ ಆಯ್ಕೆ ಯಾವುದು? ಆ ವಾದಕ್ಕೆ ನನ್ನದೂ ಒಂದು ಪಟ್ಟಿ ಇರಲಿ.

ಮೊದಲು ಅಳತೆಗೋಲು ಯಾವುದೆಂದು ಹೇಳಬೇಕು. ಆಟಗಾರ ಎಷ್ಟು ದೊಡ್ಡವನು ಎಂಬುದು ಒಂದು ಪ್ರಶ್ನೆ; ಅವನನ್ನು ಆರಿಸಿದ್ದು ಎಷ್ಟು ಜಾಣತನ ಎಂಬುದು ಇನ್ನೊಂದು. ಎಲ್ಲರಿಗೂ ಕಾಣುವ ರತ್ನವನ್ನು ದುಡ್ಡು ಚೆಲ್ಲಿ ಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಇಲ್ಲ. ಆದ್ದರಿಂದ ನಾನು ನೋಡುವುದು ಮೂರನ್ನು: ತಂಡಕ್ಕೆ ಅಂದು ಬೇಕಾಗಿದ್ದುದೇನು, ಉಳಿದವರು ಕಾಣದೆ ಬಿಟ್ಟದ್ದೇನು, ಬಂದವನು ಎಷ್ಟು ಕಾಲ ನಿಂತು ಏನು ಕೊಟ್ಟ.

ಐದನೆಯ ಸ್ಥಾನ ವೆನೆಜುವೆಲಾದ ಮಿಕು ಅವರದು. ಗೆಟಾಫೆ, ಸೆಲ್ಟಿಕ್ ತಂಡಗಳಲ್ಲಿ ಆಡಿ 2017ರಲ್ಲಿ ಇಲ್ಲಿಗೆ ಬಂದ ಅವರು ಮೊದಲ ಋತುವಿನಲ್ಲೇ ಲೀಗಿನಲ್ಲಿ 15 ಗೋಲು ಹೊಡೆದರು. ಅಲ್ಲಿಯವರೆಗೆ ಗೋಲಿನ ಹೊರೆಯನ್ನು ಹೆಚ್ಚಾಗಿ ಒಬ್ಬರೇ ಹೊತ್ತಿದ್ದ ಚೆಟ್ರಿಗೆ ಜೊತೆ ಸಿಕ್ಕಿತು. ಆದರೆ ಅವರು ಇದ್ದದ್ದು ಎರಡೇ ಋತು. ಆದ್ದರಿಂದ ಐದು.

ನಾಲ್ಕನೆಯವರು ಉದಾಂತ ಸಿಂಗ್. ಮಣಿಪುರದ ಈ ಹುಡುಗನನ್ನು 2014ರಲ್ಲಿ, ಇನ್ನೂ ಹದಿನೆಂಟರ ಪ್ರಾಯದಲ್ಲಿ, ಟಾಟಾ ಫುಟ್‌ಬಾಲ್ ಅಕಾಡೆಮಿಯಿಂದ ತರಲಾಯಿತು. ಅಂಚಿನಲ್ಲಿ ಗಾಳಿಯಂತೆ ಓಡುವ ಅವರು 2023ರವರೆಗೆ ಇಲ್ಲೇ ಉಳಿದರು. ಮೊಳಕೆಯಲ್ಲೇ ಸಿರಿ ಕಾಣುವ ಕಣ್ಣು ಎಂದರೆ ಇದು.

ಮೂರನೆಯವರು ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು. ನಾರ್ವೆಯ ಸ್ಟಾಬೆಕ್ ತಂಡದಲ್ಲಿದ್ದಾಗ 2016ರಲ್ಲಿ ಯೂರೋಪಾ ಲೀಗ್‌ನ ಅರ್ಹತಾ ಪಂದ್ಯವಾಡಿದ ಈ ಆಟಗಾರನನ್ನು ಬೆಂಗಳೂರು 2017ರ ಆಗಸ್ಟ್‌ನಲ್ಲಿ ಕರೆತಂದಿತು. ಡ್ರಾಫ್ಟ್ ಮುಗಿದ ಮೇಲೆ ಬಂದದ್ದರಿಂದ ಸರದಿಗಾಗಿ ಕಾಯುವ ಪ್ರಶ್ನೆಯೇ ಇರಲಿಲ್ಲ. 2018ರ ಸೂಪರ್ ಕಪ್, 2018–19ರ ಲೀಗ್, 2022ರ ಡುರಾಂಡ್ ಕಪ್ ಮೂರನ್ನೂ ತಂಡ ಗೆದ್ದಾಗ ಈ ಎತ್ತರದ ಆಳು ಅಲ್ಲಿದ್ದರು.

ಎರಡನೆಯ ಹೆಸರಿಗೆ ಕೆಲವರು ಹುಬ್ಬೇರಿಸಬಹುದು: ರಾಹುಲ್ ಭೇಕೆ. ಡ್ರಾಫ್ಟಿನ ದಿನದ ದೊಡ್ಡ ಹೆಸರುಗಳಲ್ಲಿ ಅವರದು ಇರಲಿಲ್ಲ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಫೈನಲ್‌ನಲ್ಲಿ ಬೆಂಗಳೂರು ಚೆನ್ನೈಯಿನ್ ತಂಡಕ್ಕೆ 2–3ರಿಂದ ಸೋತಿತು. ಎದುರಾಳಿಯ ಎರಡು ಗೋಲು ಕಾರ್ನರ್ ಕಿಕ್‌ಗೆ ತಲೆಯೊಡ್ಡಿದ ರಕ್ಷಣಾ ಆಟಗಾರ ಮೈಲ್ಸನ್ ಅವರಿಂದ ಬಂದವು. ಅಂದು ಊರಿನ ಅಂಗಳದಲ್ಲಿ ಆದ ಆ ಗಾಯ ಸಣ್ಣದಲ್ಲ. ಸರಿಯಾಗಿ ಒಂದು ವರ್ಷದ ನಂತರ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ತಂಡದ ಎದುರು ಫೈನಲ್. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂದಾಗ ಕಾರ್ನರ್ ಕಿಕ್ ಒಂದಕ್ಕೆ ತಲೆಕೊಟ್ಟು ಗೋಲು ಮಾಡಿದವರು ರಕ್ಷಣಾ ಆಟಗಾರ ಭೇಕೆ. ಅದೂ ತಾವು ಹುಟ್ಟಿದ ಊರಿನಲ್ಲಿ. ಹಿಂದಿನ ವರ್ಷ ಯಾವ ರೀತಿಯಲ್ಲಿ ಕಳೆದುಕೊಂಡಿತ್ತೋ ಅದೇ ರೀತಿಯಲ್ಲಿ ಬೆಂಗಳೂರು ಲೀಗನ್ನು ಗೆದ್ದುಕೊಂಡಿತು. ಡ್ರಾಫ್ಟಿನಲ್ಲಿ ಆರಿಸಿದ ಆಟಗಾರ ಇದಕ್ಕಿಂತ ಹೆಚ್ಚಿಗೆ ಏನು ಕೊಡಬೇಕು?

ಮೊದಲ ಸ್ಥಾನ ಚೆಟ್ರಿಯದು. ಇದೇನು ದೊಡ್ಡ ಶೋಧ ಎನ್ನಬೇಡಿ. 2013ರ ಬೇಸಿಗೆಗೆ ಹಿಂತಿರುಗಿ ನೋಡಿ. ಚೆಟ್ರಿಗೆ ಇಪ್ಪತ್ತೊಂಬತ್ತು ತುಂಬುತ್ತಿತ್ತು. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ಎರಡನೆಯ ತಂಡದಲ್ಲಿ ಬೆರಳೆಣಿಕೆಯ ಅವಕಾಶ ಪಡೆದು ಅವರು ಮರಳಿದ್ದರು. ಕರೆದ ಕ್ಲಬ್ಬಿಗೆ ಇತಿಹಾಸವಿರಲಿಲ್ಲ, ಅಭಿಮಾನಿಗಳಿರಲಿಲ್ಲ. ಮೊದಲ ಋತುವನ್ನು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಬೇಕಾಯಿತು. ಆದರೂ 2014ರ ಏಪ್ರಿಲ್‌ನಲ್ಲಿ ಗೋವಾದಲ್ಲಿ ಡೆಂಪೊ ತಂಡವನ್ನು ಮಣಿಸಿ ಹೊಸ ಕ್ಲಬ್ ಚಾಂಪಿಯನ್ ಆಯಿತು. 2016ರ ಅಕ್ಟೋಬರ್‌ನಲ್ಲಿ ಕಂಠೀರವದಲ್ಲಿ ಮಲೇಷ್ಯದ ಜೊಹೊರ್ ತಂಡದ ಮೇಲೆ ಚೆಟ್ರಿ ಎರಡು ಗೋಲು ಹೊಡೆದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಬೆಂಗಳೂರಿನದಾಯಿತು. ಕ್ಲಬ್ ಆರಿಸಿದ್ದು ಒಬ್ಬ ಆಟಗಾರನನ್ನು. ಬಂದದ್ದು ಒಂದು ಊರಿನ ಅಭ್ಯಾಸ.

ತಪ್ಪಿಹೋದ ಆಯ್ಕೆಯನ್ನೂ ಹೇಳಬೇಕು. 2017ರ ಡ್ರಾಫ್ಟಿನಲ್ಲಿ ಬಂದ ಸುಭಾಶಿಷ್ ಬೋಸ್ ಒಂದೇ ಋತುವಿನ ನಂತರ ಹೊರಟರು. 2025ರ ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಮೋಹನ್ ಬಾಗಾನ್ ಬೆಂಗಳೂರನ್ನು 2–1ರಿಂದ ಸೋಲಿಸಿದಾಗ ಆ ತಂಡದ ನಾಯಕ ಇದೇ ಬೋಸ್. ಆರಿಸುವ ಕಣ್ಣು ಇದ್ದರೆ ಸಾಲದು, ಉಳಿಸಿಕೊಳ್ಳುವ ಕೈಯೂ ಬೇಕು.

ಉಳಿಸಿಕೊಳ್ಳುವ ಮಾತು ಬಂದರೆ ಬೆಂಗಳೂರಿನ ಹಳೆಯ ಕಥೆ ಮೇಲೆದ್ದು ಬರುತ್ತದೆ. ಮೇಲಿನ ಐವರಲ್ಲಿ ಕರ್ನಾಟಕದ ಹುಡುಗ ಒಬ್ಬನೂ ಇಲ್ಲ. ಆದರೆ ಒಂದು ಕಾಲದಲ್ಲಿ ಭಾರತಕ್ಕೆ ಆಟಗಾರರನ್ನು ಕೊಟ್ಟ ಊರು ಇದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತು. ಸೇನಾ ತಂಡಗಳ ಕೈಯಲ್ಲಿದ್ದ ಆ ಕಪ್ಪನ್ನು ಕಿತ್ತುಕೊಂಡ ಮೊದಲ ಭಾರತೀಯ ನಾಗರಿಕ ತಂಡ ಅದು. ಮರುವರ್ಷವೂ ಗೆದ್ದಿತು, 1948ರಲ್ಲಿ ಮತ್ತೆ ಗೆದ್ದಿತು. 1946–47ರ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ ಆಡಿದ ಭಾರತ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಾಗ ನಮ್ಮ ಕಡೆಯ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲೂ ಅದೇ.

ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಮತ್ತು ಧನರಾಜ್ ಮುಂದೆ ಈಸ್ಟ್ ಬೆಂಗಾಲ್ ಸೇರಿ ಅಲ್ಲಿನ ‘ಪಂಚ ಪಾಂಡವ’ರಲ್ಲಿ ಇಬ್ಬರಾದರು. ಕೆಂಪಯ್ಯ, ಅರುಮೈನಾಯಗಂ, ಕಣ್ಣನ್, ಉಲಗನಾಥನ್, ಬಾಬು ಮಣಿ ಎಲ್ಲರೂ ಕೋಲ್ಕತ್ತದ ದಾರಿ ಹಿಡಿದರು. ಕಾರಣ ಕಷ್ಟದ್ದಲ್ಲ. ಅಲ್ಲಿ ಫುಟ್‌ಬಾಲ್ ಹಣ ಕೊಡುತ್ತಿತ್ತು, ಲಕ್ಷ ಜನರ ಕೂಗು ಕೊಡುತ್ತಿತ್ತು. ಇಲ್ಲಿ ಫುಟ್‌ಬಾಲ್ ಕೊಡುತ್ತಿದ್ದುದು ಕಾರ್ಖಾನೆಯ ನೌಕರಿ. ಐಟಿಐ, ಎಚ್‌ಎಎಲ್‌ನಂಥ ಸಂಸ್ಥೆಗಳು ಚೆಂಡಾಡುವ ಹುಡುಗನನ್ನು ಕರೆದು ಕೆಲಸ ಕೊಟ್ಟವು. ಅದೂ ಒಂದು ಬಗೆಯ ಆಯ್ಕೆಯೇ. ಕಾಲು ಸೋತ ಮೇಲೂ ಸಂಬಳ ನಿಲ್ಲದ ಆಯ್ಕೆ. ಬಡ ಮನೆಯ ಹುಡುಗನಿಗೆ ಅದು ಸಣ್ಣ ಮಾತಲ್ಲ. ಸಾರ್ವಜನಿಕ ಉದ್ದಿಮೆಗಳ ಕೈ ಬಿಗಿಯಾದಂತೆ ಆ ಬಾಗಿಲು ಕಿರಿದಾಯಿತು. 1990ರ ದಶಕದಲ್ಲಿ ನಮ್ಮೂರಿನ ಕಾರ್ಲ್‌ಟನ್ ಚಾಪ್ಮನ್ ಬೆಳೆದದ್ದು ಟಾಟಾ ಅಕಾಡೆಮಿಯಲ್ಲಿ, ಮೆರೆದದ್ದು ಈಸ್ಟ್ ಬೆಂಗಾಲ್ ಮತ್ತು ಪಂಜಾಬಿನ ಜೆಸಿಟಿ ತಂಡಗಳಲ್ಲಿ. 1968–69ರ ನಂತರ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮರಳಿದ್ದು 54 ವರ್ಷ ಕಳೆದು, 2023ರ ಮಾರ್ಚ್ 4ರಂದು. ಅದೂ ಸೌದಿ ಅರೇಬಿಯದ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ.

ಕಣ್ಣು ಮುಂದೆಂದಾದರೂ ಹತ್ತಿರದವರ ಮೇಲೂ ಬೀಳಬಹುದೇ? 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರು 1–0ಯಿಂದ ಗೆದ್ದಿತು. ಗೋಲು ಹೊಡೆದವರು ತಮ್ಮ ಮೊದಲ ಲೀಗ್ ಪಂದ್ಯವಾಡುತ್ತಿದ್ದ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹತ್ತೊಂಬತ್ತರ ಹರೆಯದ ವಿನಿತ್ ವೆಂಕಟೇಶ್. ಯಾವ ಜಾತ್ರೆಯಲ್ಲೂ ಕೊಳ್ಳದ, ಮನೆಯ ಕೊಟ್ಟಿಗೆಯಲ್ಲೇ ಬೆಳೆದ ಕರು. ಅಹ್ಮದ್ ಖಾನರನ್ನು ಕರೆದುಕೊಂಡು ಹೋದ ಅದೇ ಕ್ಲಬ್ಬಿನ ಮೇಲೆ ಬಿದ್ದ ಆ ಗೋಲು ಹಳೆಯ ಲೆಕ್ಕದಲ್ಲಿ ಒಂದು ಸಣ್ಣ ಜಮೆ.

ಕೆಂಗೇರಿಗೆ ಬರುವ ಮೆಟ್ರೊ ಜ್ಞಾನಭಾರತಿ ನಿಲ್ದಾಣವನ್ನು ದಾಟುತ್ತದೆ. ಅಲ್ಲಿಗೆ ಸಮೀಪದಲ್ಲೇ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ದೇಶದ ಹಾಕಿ ತಂಡಗಳು ಶಿಬಿರ ಹೂಡುವ ಜಾಗ. ಅಲ್ಲಿಂದ ಮೂರು ನಿಲ್ದಾಣ ಬಂದರೆ ನಮ್ಮ ಉಪನಗರ. ಖಾಲಿ ನಿವೇಶನಗಳು ಒಂದೊಂದಾಗಿ ಮನೆಗಳಾಗುತ್ತಿರುವಾಗ, ಉಳಿದ ತುಂಡು ಜಾಗದಲ್ಲಿ ಇಟ್ಟಿಗೆಯನ್ನೇ ಗೋಲಿನ ಕಂಬ ಮಾಡಿಕೊಂಡು ಆಡುವ ಹುಡುಗರಿದ್ದಾರೆ. 199ನೆಯವನಾಗಿ ಆಯ್ಕೆಯಾದ ಬ್ರೇಡಿಗೆ ಕೊನೆಗಾದರೂ ಹೆಸರು ಕೂಗುವವರು ಇದ್ದರು. ಕೂಗಬೇಕಾದರೆ ಮೊದಲು ನೋಡಬೇಕು. ನೋಡಬೇಕಾದರೆ ಹುಡುಗ ಆಡಲು ಒಂದು ಮೈದಾನ ಉಳಿದಿರಬೇಕು. ಮುಂದಿನ ದಶಕದ ಪಟ್ಟಿಯಲ್ಲಿ ಕೆಂಗೇರಿಯ ಹೆಸರೊಂದು ಬರುವುದೋ ಇಲ್ಲವೋ ಎಂಬುದನ್ನು ಕ್ಲಬ್ಬಿನ ಕೋಣೆಯಲ್ಲಿ ಕುಳಿತವರಿಗಿಂತ ಮೊದಲು ನಾವೇ ತೀರ್ಮಾನಿಸುತ್ತಿದ್ದೇವೆ.